ಕಪಾಟು, ಕೈಗಾಡಿ ಮತ್ತು ನ್ಯೂಟನ್ನನ ಮೂರನೇ ನಿಯಮ

ಬಿ.ಇ. ಮುಗಿಸಿ ಆರು ವರ್ಷ ಆದ ಮೇಲೆ ನಾನು ಫಿಸಿಕ್ಸಿನಲ್ಲಿ ಫೇಲಾದೆ. ಪರೀಕ್ಷೆ ನಡೆದದ್ದು ಕುವೈತಿನ ರಾಯ್‌ನಲ್ಲಿರೋ ಶುಕ್ರವಾರದ ಸಂತೆಯಲ್ಲಿ. ಪರೀಕ್ಷಕ ಒಂಬತ್ತನೇ ಕ್ಲಾಸಿನ ಹುಡುಗ. ಪ್ರಶ್ನೆ ಒಂದೇ. ಮಾರ್ಕ್ಸು ಸೊನ್ನೆ.

ಕುವೈತಿನಲ್ಲಿ ಇಲ್ಲದವರಿಗೆ ರಾಯ್ ಬಗ್ಗೆ ಎರಡು ಮಾತು ಹೇಳಿಬಿಡ್ತೀನಿ. ಗ್ಯಾರೇಜು, ಗೋಡೌನು, ಕಾರ್ ಶೋರೂಮು, ಫರ್ನಿಚರ್ ಅಂಗಡಿಗಳ ಏರಿಯಾ ಅದು. 2007ರಲ್ಲಿ ಅವೆನ್ಯೂಸ್ ಮಾಲ್ ಶುರುವಾದದ್ದೂ ಇಲ್ಲೇ. ಒಳಗೆ ಹೋದ್ರೆ ಹವಾನಿಯಂತ್ರಿತ ಬೀದಿ, ಅಲ್ಲಿ ನಿಂತು ಕಾಫಿ ಕುಡಿಯೋಕೆ ಸಂಬಳದ ಲೆಕ್ಕ ಹಾಕಬೇಕು. ಅದೇ ರಾಯ್‌ನಲ್ಲೇ 'ಸೂಕ್ ಅಲ್ ಜುಮಾ', ಅಂದ್ರೆ ಶುಕ್ರವಾರದ ಸಂತೆ. ತಗಡಿನ ಚಪ್ಪರದ ಕೆಳಗೆ ಹಳೇ ಸೋಫಾ, ಹಳೇ ಟೀವಿ, ಕಂಬಳಿ, ಕಾರ್ಪೆಟ್ಟು, ಯಾರೋ ಊರಿಗೆ ವಾಪಸ್ ಹೋಗುವಾಗ ಮಾರಿಹೋದ ಮಂಚ. ನಮ್ಮ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹಮಾಲಿಗಳ ಗದ್ದಲ ನೋಡಿ ಬೆಳೆದ ನನಗೆ ಈ ಸಂತೆ ಅಂದ್ರೆ ಮಾಲ್‌ಗಿಂತ ಇಷ್ಟ. ಅಂದ ಹಾಗೆ 'ಹಮಾಲಿ' ಅನ್ನೋ ಪದ ಇವರದ್ದೇ! ಅರಬ್ಬಿಯ 'ಹಮ್ಮಾಲ್' ನಮ್ಮ ಮಂಡಿಗೆ ಬಂದು ಹಮಾಲಿ ಆಗಿದ್ದು. ಪದ ಇಲ್ಲಿಂದ ಅಲ್ಲಿಗೆ ಹೋಯ್ತು, ನಾನು ಅಲ್ಲಿಂದ ಇಲ್ಲಿಗೆ ಬಂದೆ.

ಫರ್ವಾನಿಯಾದಲ್ಲಿ ನಮ್ಮ ಪಕ್ಕದ ಫ್ಲಾಟಿನ ಶೆಟ್ರಿಗೆ ಒಂದು ಕಪಾಟು ಬೇಕಿತ್ತು. "ಬನ್ನಿ ಮಾರಾಯ್ರೆ, ನಿಮ್ಗೆ ಚೌಕಾಶಿ ಬರ್ತದೆ" ಅಂತ ನನ್ನನ್ನೂ ಹೊರಡಿಸಿದರು. ಜೊತೆಗೆ ಅವರ ಮಗ. ಕಪಾಟು ಸಿಕ್ತು. ಒಂದು ಬಾಗಿಲು ಸ್ವಲ್ಪ ವಕ್ರ, ಅದಕ್ಕೇ ಐದು ದಿನಾರ್ ಕಮ್ಮಿ ಮಾಡಿಸಿದೆ. ಅದನ್ನ ಪಾರ್ಕಿಂಗ್‌ವರೆಗೆ ಸಾಗಿಸೋಕೆ ಒಬ್ಬ ಕೈಗಾಡಿಯವನು ಬಂದ. ಸಣಕಲು ಮನುಷ್ಯ. ಕಪಾಟನ್ನ ಗಾಡಿಗೆ ಬಿಗಿದು, ಮುಂದೆ ನಿಂತು ಹಿಡಿಯನ್ನ ಸೊಂಟಕ್ಕೆ ತಾಗಿಸಿಕೊಂಡು, ಮೈ ಮುಂದಕ್ಕೆ ಬಾಗಿಸಿ "ಸೈಡ್, ಸೈಡ್!" ಅಂತ ಎಳೆದುಕೊಂಡು ಹೊರಟ. ನಾವು ಹಿಂದೆ.

ಆಗ ಹುಡುಗ ಕೇಳಿದ. "ಅಂಕಲ್, ಇವ್ರು ಗಾಡಿಯನ್ನ ಎಷ್ಟು ಜೋರಾಗಿ ಎಳೀತಾರೋ ಅಷ್ಟೇ ಜೋರಾಗಿ ಗಾಡಿ ಇವ್ರನ್ನ ಹಿಂದೆ ಎಳೀತದೆ ಅಲ್ವಾ? ಥರ್ಡ್ ಲಾ. ಮತ್ತೆ ಗಾಡಿ ಯಾಕೆ ಮುಂದೆ ಹೋಗ್ತದೆ?"

(ಇಪ್ಪತ್ತೆಂಟಕ್ಕೇ ಅಂಕಲ್ ಅನ್ನಿಸಿಕೊಳ್ಳೋ ದುಃಖದ ಬಗ್ಗೆ ಇನ್ನೊಮ್ಮೆ ಬರೀತೀನಿ.)

"ಅವನ ಶಕ್ತಿ ಗಾಡಿಗಿಂತ ಜಾಸ್ತಿ ಕಣೋ, ಅದಕ್ಕೇ" ಅಂದೆ.

"ಹಾಗಾದ್ರೆ ಈಕ್ವಲ್ ಅಲ್ಲ."

"ಹಾಗಲ್ಲ... ಮೊದಲು ಕ್ರಿಯೆ ಆಗತ್ತೆ, ಪ್ರತಿಕ್ರಿಯೆ ಆಮೇಲೆ ಬರತ್ತೆ. ಅಷ್ಟರಲ್ಲಿ ಗಾಡಿ ಮುಂದೆ ಹೋಗಿರತ್ತೆ."

"ಎಷ್ಟು ಸೆಕೆಂಡ್ ಆದ್ಮೇಲೆ ಬರ್ತದೆ?"

ನಾನು ಕಪಾಟಿನ ಹಗ್ಗ ಸಡಿಲ ಆಗಿದೆಯಾ ನೋಡೋ ನೆಪದಲ್ಲಿ ಮುಂದೆ ಹೋದೆ.

ಕಾರಲ್ಲಿ ಶೆಟ್ರು ವಿಷಯ ಹೇಳಿದರು. ಇದೇ ಪ್ರಶ್ನೆ, ಕುದುರೆ ಮತ್ತು ಗಾಡಿಯ ರೂಪದಲ್ಲಿ, ಸ್ಕೂಲಿನ ಟೆಸ್ಟಿನಲ್ಲಿ ಬಂದಿತ್ತಂತೆ. ಇವನು "ನಿಯಮದ ಪ್ರಕಾರ ಗಾಡಿ ಹೋಗಬಾರದು, ಆದರೆ ಹೋಗುತ್ತದೆ, ಯಾಕೆ ಅಂತ ನನಗೆ ಗೊತ್ತಿಲ್ಲ" ಅಂತ ಬರೆದು ಬಂದಿದ್ದಾನೆ. ಸೊನ್ನೆ ಕೊಟ್ಟಿದ್ದಲ್ಲದೆ ಕ್ಲಾಸಲ್ಲಿ ಗಟ್ಟಿಯಾಗಿ ಓದಿದರಂತೆ. ಎಲ್ಲರೂ ನಕ್ಕರು. ಅವತ್ತಿಂದ ಹನ್ನೊಂದಕ್ಕೆ ಕಾಮರ್ಸ್ ಅಂತ ಕೂತಿದ್ದಾನೆ. ಶೆಟ್ರಿಗೆ ಮಗ ಎಂಜಿನಿಯರ್ ಆಗಬೇಕು. ಹಿಂದಿನ ಸೀಟಲ್ಲಿ ಹುಡುಗ ಕಿಟಕಿ ಕಡೆ ನೋಡ್ತಿದ್ದ.

ಕಾಮರ್ಸ್ ತಗೊಂಡ್ರೆ ಪ್ರಪಂಚ ಮುಳುಗಲ್ಲ ಬಿಡಿ. ಆದ್ರೆ ಅವನ ಉತ್ತರ ನಂಗೆ ಚುಚ್ಚಿತು. ಯಾಕಂದ್ರೆ ಪಿಯುಸಿಯಲ್ಲಿ ಇದೇ ಪ್ರಶ್ನೆಗೆ ನಾನು ಗೈಡಲ್ಲಿದ್ದ ಎರಡು ಸಾಲು ಉರು ಹೊಡೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಅರ್ಥ ಆಗಿದ್ದವನಿಗೆ ಅರ್ಥ ಆಗಿಲ್ಲ ಅಂತ ಗೊತ್ತಿತ್ತು, ಸೊನ್ನೆ ಸಿಕ್ತು. ಅರ್ಥ ಆಗದ ನಂಗೆ ಎಂಜಿನಿಯರಿಂಗ್ ಸೀಟು ಸಿಕ್ತು!

ರಾತ್ರಿ ಪೇಪರ್ ಹಿಡಿದು ಕೂತೆ. ಕೈಗಾಡಿ, ಮನುಷ್ಯ, ನೆಲ ಎಲ್ಲಾ ಒಂದೇ ಚಿತ್ರದಲ್ಲಿ ಬರೆದು ಬಾಣಗಳನ್ನ ಹಾಕಿದೆ. ಹತ್ತು ನಿಮಿಷಕ್ಕೆ ಚಿತ್ರ ಮುಳ್ಳುಹಂದಿ ಥರ ಕಾಣ್ತಿತ್ತು. ಆಮೇಲೆ ಹೊಳೀತು, ತಪ್ಪು ಅಲ್ಲೇ ಇರೋದು. ಒಂದು ಚಿತ್ರ ಬರೀಬಾರದು. ಎರಡು ಬರೀಬೇಕು. ಗಾಡಿಗೆ ಒಂದು, ಮನುಷ್ಯನಿಗೆ ಒಂದು.

ನಿಯಮವನ್ನ ನಾವು ಕಲಿತದ್ದು ಹೇಗೆ? 'ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ.' ಇದರಲ್ಲಿ ಮುಖ್ಯವಾದ ಮಾತೇ ಇಲ್ಲ. ಕ್ರಿಯೆ ಯಾರ ಮೇಲೆ, ಪ್ರತಿಕ್ರಿಯೆ ಯಾರ ಮೇಲೆ? ಮನುಷ್ಯ ಎಳೆಯೋದು ಗಾಡಿಯನ್ನ. ಗಾಡಿ ಎಳೆಯೋದು ಮನುಷ್ಯನನ್ನ. ಎರಡೂ ಸಮ, ಎರಡೂ ಒಂದೇ ಕ್ಷಣದಲ್ಲಿ, ಎರಡೂ ವಿರುದ್ಧ ದಿಕ್ಕಿಗೆ. ಆದರೆ ಒಂದು ಬಿದ್ದದ್ದು ಗಾಡಿಯ ಮೇಲೆ, ಇನ್ನೊಂದು ಬಿದ್ದದ್ದು ಮನುಷ್ಯನ ಮೇಲೆ. ನನ್ನ ಅಕೌಂಟಿಗೆ ನೂರು ದಿನಾರ್ ಬಂತು, ನಿಮ್ಮ ಅಕೌಂಟಿಂದ ನೂರು ದಿನಾರ್ ಹೋಯ್ತು ಅಂದ್ಕೊಳ್ಳಿ. ಎರಡನ್ನೂ ಕೂಡಿಸಿದ್ರೆ ಸೊನ್ನೆ ನಿಜ. ಹಾಗಂತ ನನ್ನ ಪಾಸ್‌ಬುಕ್ಕಿನಲ್ಲಿ ಸೊನ್ನೆ ಅಂತ ಬರೆಯೋಕಾಗತ್ತಾ?

ಗಾಡಿ ಚಲಿಸತ್ತಾ ಇಲ್ವಾ ಅನ್ನೋದಕ್ಕೆ ಗಾಡಿಯ ಪಾಸ್‌ಬುಕ್ ಮಾತ್ರ ನೋಡಬೇಕು. ಮರುದಿನ ಹುಡುಗನಿಗೆ ಈ ಲೆಕ್ಕ ಹೇಳಿದೆ. ಅಂಕಿಗಳು ನಾನೇ ಸುಲಭಕ್ಕೆ ಇಟ್ಟಿದ್ದು. ಗಾಡಿ ಮತ್ತು ಕಪಾಟು ಸೇರಿ 100 ಕಿಲೋ. ಮನುಷ್ಯ 70 ಕಿಲೋ. ಅವನು ಗಾಡಿಯನ್ನ 150 ನ್ಯೂಟನ್ ಬಲದಿಂದ ಮುಂದಕ್ಕೆ ಎಳೀತಾನೆ. ಚಕ್ರ, ಬೇರಿಂಗು, ಸಂತೆಯ ಹಾಳು ನೆಲ ಎಲ್ಲಾ ಸೇರಿ ಗಾಡಿಯನ್ನ 100 ನ್ಯೂಟನ್ ಹಿಂದಕ್ಕೆ ಹಿಡಿಯತ್ತೆ. ಗಾಡಿಯ ಮೇಲೆ ಒಟ್ಟು ಬಲ, ಅಂದ್ರೆ ನೆಟ್ ಫೋರ್ಸ್, 50 ನ್ಯೂಟನ್ ಮುಂದಕ್ಕೆ. 50ನ್ನ 100 ಕಿಲೋದಿಂದ ಭಾಗಿಸಿದ್ರೆ ವೇಗೋತ್ಕರ್ಷ 0.5, ಅಂದ್ರೆ ಪ್ರತಿ ಸೆಕೆಂಡಿಗೆ ಅದರ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಏರತ್ತೆ. ಗಾಡಿ ಮನುಷ್ಯನನ್ನ ಹಿಂದಕ್ಕೆ ಎಳೆಯೋ 150 ನ್ಯೂಟನ್ ಈ ಲೆಕ್ಕದಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ಅದು ಗಾಡಿಯ ಮೇಲೆ ಬಿದ್ದೇ ಇಲ್ಲವಲ್ಲ.

"ಹಾಗಾದ್ರೆ ಅವ್ರು ಹಿಂದೆ ಬೀಳ್ಬೇಕಲ್ಲ?" ಅಂದ ಹುಡುಗ. ಈ ಹುಡುಗನಿಗೆ ಸೊನ್ನೆ ಕೊಟ್ಟಿದ್ದಾರೆ ನೋಡಿ.

ಬೀಳ್ತಿದ್ದ, ನೆಲ ಇಲ್ಲದಿದ್ದರೆ. ಅವನು ಕಾಲಿನಿಂದ ನೆಲವನ್ನ ಹಿಂದಕ್ಕೆ ಒದೀತಾನೆ. ನೆಲ ಅವನನ್ನ ಅಷ್ಟೇ ಬಲದಿಂದ ಮುಂದಕ್ಕೆ ತಳ್ಳತ್ತೆ. ಇದು ಬೇರೆಯದೇ ಜೋಡಿ. ನೆಲ ಅವನನ್ನ 185 ನ್ಯೂಟನ್ ಮುಂದಕ್ಕೆ ತಳ್ಳಿತು, ಗಾಡಿ 150 ಹಿಂದಕ್ಕೆ ಎಳೆಯಿತು, ಉಳಿದದ್ದು 35. ಭಾಗಿಸು 70 ಕಿಲೋ, ಮತ್ತೆ 0.5. ಗಾಡಿ ಮತ್ತು ಮನುಷ್ಯ ಇಬ್ಬರ ವೇಗೋತ್ಕರ್ಷವೂ ಒಂದೇ ಬರಬೇಕು, ಇಲ್ಲಾಂದ್ರೆ ಹಿಡಿ ಕೈತಪ್ಪಿರತ್ತೆ. ಇಬ್ಬರನ್ನೂ ಸೇರಿಸಿ ಒಂದೇ ಗಂಟು ಅಂತ ನೋಡಿದ್ರೂ ಸರಿಹೋಗತ್ತೆ: 185ರಲ್ಲಿ 100 ಕಳೆದು 85, ಭಾಗಿಸು 170 ಕಿಲೋ, ಅದೇ 0.5. ಆಗ ಮಾತ್ರ ಹಿಡಿಯ ಹತ್ತಿರದ ಆ ಎರಡು 150ಗಳು ವಜಾ ಆಗ್ತವೆ, ಯಾಕಂದ್ರೆ ಎರಡೂ ಗಂಟಿನ ಒಳಗಿನ ವ್ಯವಹಾರ.

ಅಂದ್ರೆ ಗಾಡಿಯನ್ನ ಮುಂದೆ ಕೊಂಡೊಯ್ಯೋದು ಕೊನೆಗೆ ನೆಲ! ಆ ಸಣಕಲು ಮನುಷ್ಯ ಮೈ ಬಾಗಿಸಿದ್ದು ಅದಕ್ಕೇ. ನೆಲದ ಮೇಲೆ ಎಣ್ಣೆ ಚೆಲ್ಲಿದ್ದರೆ (ರಾಯ್‌ನ ಗ್ಯಾರೇಜು ಬೀದಿಗಳಲ್ಲಿ ಇದೇನು ಅಪರೂಪ ಅಲ್ಲ) ಪೈಲ್ವಾನನಿಗೂ ಕಪಾಟು ಎಳೆಯೋಕಾಗಲ್ಲ.

ಗಾಡಿ ಒಂದು ಹದದ ವೇಗಕ್ಕೆ ಬಂದ ಮೇಲೆ ಅವನು 100 ನ್ಯೂಟನ್ ಮಾತ್ರ ಎಳೆದರೆ ಸಾಕು. ಆಗ ಗಾಡಿಯ ಮೇಲೆ ಒಟ್ಟು ಬಲ ಸೊನ್ನೆ, ಆದರೂ ಗಾಡಿ ಹೋಗ್ತಾ ಇರತ್ತೆ. ಸೊನ್ನೆ ಅಂದ್ರೆ ನಿಂತಿದೆ ಅಂತ ಅಲ್ಲ, ವೇಗ ಬದಲಾಗ್ತಿಲ್ಲ ಅಂತ. ಹುಡುಗ ಇದನ್ನ ಎರಡು ಸಲ ಹೇಳಿಸಿಕೊಂಡ.

'ಪ್ರತಿಕ್ರಿಯೆ ಆಮೇಲೆ' ಅನ್ನೋ ನನ್ನ ತಪ್ಪು ಎಲ್ಲಿಂದ ಬಂತು ಅಂತ ಯೋಚಿಸ್ತಿದ್ದೆ. ಭಾಷೆಯ ತಪ್ಪು ಅನ್ಸತ್ತೆ. ಪೇಪರಲ್ಲಿ 'ಹೇಳಿಕೆಗೆ ತೀವ್ರ ಪ್ರತಿಕ್ರಿಯೆ' ಅಂತ ಓದ್ತೀವಿ, ಬ್ಲಾಗಿಗೆ ಪ್ರತಿಕ್ರಿಯೆ ಬರ್ಲಿಲ್ಲ ಅಂತ ಬೇಜಾರು ಮಾಡ್ಕೊಳ್ತೀವಿ :-) ಮೊದಲು ಒಬ್ಬ ಮಾಡ್ತಾನೆ, ಆಮೇಲೆ ಇನ್ನೊಬ್ಬ ಮಾಡ್ತಾನೆ. ಗಲಭೆ ಆದಾಗಲಂತೂ ಯಾರಾದರೂ ರಾಜಕಾರಣಿ ನ್ಯೂಟನ್ನನ್ನ ಎಳೆದು ತರ್ತಾನೆ, ಸೇಡಿಗೆ ವಿಜ್ಞಾನದ ಸರ್ಟಿಫಿಕೇಟು. ನ್ಯೂಟನ್ನನ ನಿಯಮದಲ್ಲಿ ಸೇಡೂ ಇಲ್ಲ, ಮೊದಲು-ಆಮೇಲೆಯೂ ಇಲ್ಲ. ಇರೋದು ಒಂದೇ ಬಲದ ಎರಡು ತುದಿ. ಯಾವುದನ್ನ ಬೇಕಾದ್ರೂ ಕ್ರಿಯೆ ಅನ್ನಬಹುದು. 1687ರಲ್ಲಿ ಪ್ರಕಟವಾದ 'ಪ್ರಿನ್ಸಿಪಿಯಾ'ದಲ್ಲಿ ಅವನು ಈ ನಿಯಮ ವಿವರಿಸೋಕೆ ಕೊಟ್ಟ ಉದಾಹರಣೆಗಳಲ್ಲಿ ಹಗ್ಗ ಕಟ್ಟಿ ಕಲ್ಲು ಎಳೆಯೋ ಕುದುರೆಯೂ ಇದೆ. ಅಂದ್ರೆ ಕುದುರೆ-ಗಾಡಿಯ ತಲೆನೋವು ನಿಯಮದ ಜೊತೆಗೇ ಹುಟ್ಟಿದ್ದು.

ಶೆಟ್ರು ಇದನ್ನೆಲ್ಲಾ ಕೇಳಿಸಿಕೊಂಡು ಸುಮ್ಮನಿದ್ದವರು, ಕುದುರೆ ಅಂದ ಕೂಡಲೇ "ಕುದುರೆ ಯಾಕೆ ಮಾರಾಯ್ರೆ, ಕೋಣ ಇಲ್ವಾ ನಮ್ಮಲ್ಲಿ?" ಅಂದರು. ಕರಾವಳಿಯವರ ಎದುರು ಕಂಬಳದ ಮಾತು ಬಂದ್ರೆ ಊಟ ತಣ್ಣಗಾಗತ್ತೆ. ಅಕ್ಕ ಎರಡು ಸಲ ಸಾರು ಬಿಸಿ ಮಾಡಿದರು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರಿನ ಕರೆಯನ್ನ 13.62 ಸೆಕೆಂಡಿಗೆ ಓಡಿದ್ದು, ನೂರು ಮೀಟರಿಗೆ 9.55 ಸೆಕೆಂಡ್ ಅಂತ ಲೆಕ್ಕ ಹಾಕಿ ದೇಶವಿಡೀ ಅವರನ್ನ ಉಸೇನ್ ಬೋಲ್ಟ್‌ಗೆ ಹೋಲಿಸಿದ್ದು ನಿಮಗೆ ನೆನಪಿರಬಹುದು. ಬೋಲ್ಟ್‌ನ ದಾಖಲೆ 9.58, ಬರ್ಲಿನ್, 2009. ಹೋಲಿಕೆ ಯಾಕೆ ಸರಿಯಲ್ಲ ಅಂತ ಅವತ್ತು ಎಷ್ಟೋ ಜನ ಜಗಳ ಆಡಿದರು. ಚಿತ್ರ ಬರೆದ್ರೆ ಜಗಳವೇ ಇಲ್ಲ. ಬೋಲ್ಟ್‌ನನ್ನ ಮುಂದಕ್ಕೆ ತಳ್ಳೋದು ನೆಲ ಒಂದೇ. ಕೋಣ ಓಡಿಸುವವನ ಚಿತ್ರದಲ್ಲಿ ಮುಂದಕ್ಕೆ ಎರಡು ಬಾಣ: ಕಾಲ ಕೆಳಗಿನ ನೆಲ, ಕೈಯಲ್ಲಿರೋ ಹಗ್ಗ. ಹಾಗಂತ ಅದು ಸುಲಭ ಅಲ್ಲ, ಆ ಕೆಸರು ನೀರಿನಲ್ಲಿ ಕೋಣಗಳ ವೇಗಕ್ಕೆ ಕಾಲು ಹಾಕೋದು ಬೋಲ್ಟ್‌ಗೂ ಆಗಲಿಕ್ಕಿಲ್ಲ. ಗೌಡರೇ ಕೋಣಗಳಿಗೂ ಶ್ರೇಯ ಕೊಟ್ಟರು. ಕೋಣ ಮುಂದೆ ಹೋಗೋದು ಹೇಗೆ? ಕೆಸರನ್ನ ಹಿಂದಕ್ಕೆ ಒದ್ದು. ಆ ನೀರು ಹಿಂದಕ್ಕೆ ಚಿಮ್ಮೋದನ್ನ ಫೋಟೋದಲ್ಲಿ ನೋಡೇ ಇರ್ತೀರ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳೀತಿತ್ತು. ಹುರುಪಲ್ಲಿ "ಇನ್ನೊಂದು ಉದಾಹರಣೆ ನೋಡು, ಮೇಜಿನ ಮೇಲೆ ಪುಸ್ತಕ. ಅದರ ತೂಕ ಕೆಳಗೆ, ಮೇಜು ಮೇಲಕ್ಕೆ ತಳ್ಳೋದು ಅದರ ಪ್ರತಿಕ್ರಿಯೆ" ಅಂದೆ. ಹುಡುಗ ಪೇಪರ್ ನೋಡಿ, "ಆದ್ರೆ ಅಂಕಲ್, ಇವೆರಡೂ ಪುಸ್ತಕದ ಮೇಲೇ ಇದ್ದಾವಲ್ಲ?" ಅಂದ.

ಎರಡನೇ ಸಲ ಫೇಲು.

ಹೌದು. ಜೋಡಿ ಅಂದ್ರೆ ಎರಡು ಬೇರೆ ವಸ್ತುಗಳ ಮೇಲೆ ಇರಬೇಕು. ಪುಸ್ತಕದ ತೂಕ ಅಂದ್ರೆ ಭೂಮಿ ಪುಸ್ತಕವನ್ನ ಎಳೆಯೋದು. ಅದರ ಜೋಡಿ, ಪುಸ್ತಕ ಭೂಮಿಯನ್ನ ಎಳೆಯೋದು. ಮೇಜು ಪುಸ್ತಕವನ್ನ ಮೇಲಕ್ಕೆ ಒತ್ತೋದರ ಜೋಡಿ, ಪುಸ್ತಕ ಮೇಜನ್ನ ಕೆಳಕ್ಕೆ ಒತ್ತೋದು. ಕರ್ತೃ-ಕರ್ಮ ಅದಲು ಬದಲು ಮಾಡಿ ನೋಡಿ, ಅಷ್ಟೇ ಉಪಾಯ. 'ಅ ಇ-ಯನ್ನ ಎಳೀತು' ಅಂದ್ರೆ ಜೋಡಿ 'ಇ ಅ-ಯನ್ನ ಎಳೀತು'. ವ್ಯಾಕರಣ ಗೊತ್ತಿದ್ರೆ ಸಾಕು. ತೂಕ ಮತ್ತು ಮೇಜಿನ ಒತ್ತು ಇಲ್ಲಿ ಸಮ ಇರೋದು ಮೂರನೇ ನಿಯಮದಿಂದ ಅಲ್ಲ, ಪುಸ್ತಕ ಸುಮ್ಮನೆ ಕೂತಿದೆ ಅನ್ನೋ ಕಾರಣಕ್ಕೆ. ಸುಮ್ಮನೆ ಕೂರದಿದ್ದರೆ?

ಅದನ್ನ ನೋಡೋಕೆ ಮುಂದಿನ ಶುಕ್ರವಾರ ಸಂತೆಗೆ ಹೋಗಿ, ಬಚ್ಚಲುಮನೆಯಲ್ಲಿ ಇಟ್ಟುಕೊಳ್ತಾರಲ್ಲ ಆ ಥರದ ಮುಳ್ಳಿನ ತೂಕದ ಯಂತ್ರ ಒಂದು ದಿನಾರಿಗೆ ತಂದೆ. ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿಟ್ಟು ಅದರ ಮೇಲೆ ನಿಂತೆ. ನಾನು 70 ಕಿಲೋ. ಲಿಫ್ಟು ಮೇಲಕ್ಕೆ ಹೊರಡೋ ಕ್ಷಣದಲ್ಲಿ ಮುಳ್ಳು ಜಿಗಿದು 77ರ ಹತ್ತಿರ ಹೋಗಿ, ಮಧ್ಯದ ಮಹಡಿಗಳಲ್ಲಿ 70ಕ್ಕೆ ಬಂದು, ನಿಲ್ಲುವ ಮುಂಚೆ 63ರ ಆಸುಪಾಸಿಗೆ ಇಳಿದು ವಾಪಸ್ ಬಂತು. ಹುಡುಗ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಅಂಕಿ ಕೂಗ್ತಿದ್ದ. ಲೆಕ್ಕ ಹೀಗೆ: ನನ್ನನ್ನ ಭೂಮಿ ಎಳೆಯೋದು 70 ಗುಣಿಸು 9.8, ಅಂದ್ರೆ 686 ನ್ಯೂಟನ್. ಅದು ಬದಲಾಗಿಲ್ಲ. ಆದರೆ ಲಿಫ್ಟು ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗ ಏರಿಸಿಕೊಳ್ಳುವಾಗ ಯಂತ್ರ ನನ್ನನ್ನ 756 ನ್ಯೂಟನ್ ಮೇಲಕ್ಕೆ ಒತ್ತಬೇಕು. 686 ಮತ್ತು 756 ಸಮ ಅಲ್ಲ. ಜೋಡಿಗಳು ಯಾವತ್ತೂ ಸಮ ಇರಲೇಬೇಕು. ಹಾಗಾಗಿ ಇವು ಜೋಡಿಯೇ ಅಲ್ಲ! ನಾಲ್ಕು ಸಲ ಮೇಲೆ ಕೆಳಗೆ ಓಡಾಡಿದ ಮೇಲೆ ಹಾರಿಸ್ (ಇಲ್ಲಿ ವಾಚ್‌ಮನ್‌ಗೆ ಹೀಗೆ ಹೇಳ್ತಾರೆ) ಬಂದು ಏನು ಸಮಾಚಾರ ಅಂತ ಕೇಳಿದ. ತೂಕ ನೋಡ್ಕೊಳ್ತಿದೀವಿ ಅಂದೆ. ಮನೇಲಿ ನೋಡ್ಕೋಬಾರದಾ ಅಂದ. ಅವನದ್ದೂ ನ್ಯಾಯವೇ.

ಪುಸ್ತಕ ಭೂಮಿಯನ್ನ ಎಳೀತದೆ ಅಂದ್ರೆ ಶೆಟ್ರು ನಂಬಲಿಲ್ಲ. ಎಳೆಯತ್ತೆ, ಅಷ್ಟೇ ಬಲದಿಂದ. ಆದರೆ ಭೂಮಿ ಸುಮಾರು 6ರ ಮುಂದೆ 24 ಸೊನ್ನೆ ಹಾಕಿದಷ್ಟು ಕಿಲೋ. ಅಷ್ಟು ದೊಡ್ಡದನ್ನ ಒಂದು ಪುಸ್ತಕದ ತೂಕದಷ್ಟು ಬಲ ಏನು ಅಲುಗಾಡಿಸೀತು. ಬಲ ಸಮ ಅಂದ ಮಾತ್ರಕ್ಕೆ ಪರಿಣಾಮ ಸಮ ಅಲ್ಲ. ಸೊಳ್ಳೆ ಕಾರಿನ ಗಾಜಿಗೆ ಬಡಿದಾಗಲೂ ಇದೇ ಕಥೆ.

ಈ ನಿಯಮದಲ್ಲಿ ಎಡವಿದ್ದು ನಾವಿಬ್ಬರೇ ಅಲ್ಲ. ರಾಕೆಟ್ಟು ಬಾಹ್ಯಾಕಾಶಕ್ಕೆ ಹೋಗಬಹುದು ಅಂದ ರಾಬರ್ಟ್ ಗೊಡಾರ್ಡ್‌ನನ್ನ ನ್ಯೂಯಾರ್ಕ್ ಟೈಮ್ಸ್ 1920ರ ಜನವರಿ 13ರ ಸಂಪಾದಕೀಯದಲ್ಲಿ ಗೇಲಿ ಮಾಡಿತ್ತು. ಒತ್ತಿಕೊಳ್ಳೋಕೆ ಗಾಳಿಯೇ ಇಲ್ಲದ ಕಡೆ ರಾಕೆಟ್ಟು ಹೇಗೆ ಹೋಗತ್ತೆ, ಹೈಸ್ಕೂಲ್ ಮಕ್ಕಳಿಗೆ ಗೊತ್ತಿರೋದು ಇವರಿಗೆ ಗೊತ್ತಿಲ್ಲ ಅನ್ನೋ ಧಾಟಿಯಲ್ಲಿ. ರಾಕೆಟ್ಟು ಗಾಳಿಯನ್ನ ಒತ್ತಿ ಹೋಗಲ್ಲ. ತನ್ನದೇ ಹೊಗೆಯನ್ನ ಹಿಂದಕ್ಕೆ ತಳ್ಳತ್ತೆ, ಆ ಹೊಗೆ ರಾಕೆಟ್ಟನ್ನ ಮುಂದಕ್ಕೆ ತಳ್ಳತ್ತೆ. ಜೋಡಿ ಇರೋದು ಅವೆರಡರ ಮಧ್ಯೆ. ಪತ್ರಿಕೆ ತಪ್ಪು ಒಪ್ಪಿಕೊಂಡದ್ದು 1969ರ ಜುಲೈ 17ರಂದು, ಅಪೊಲೊ 11 ಹಾರಿದ ಮರುದಿನ! ಗೊಡಾರ್ಡ್ ತೀರಿಕೊಂಡು ಅಷ್ಟೊತ್ತಿಗೆ 24 ವರ್ಷ. ನಮ್ಮ ಕಡೆಯವರು ಇದನ್ನ ಕೈಯಾರೆ ಮಾಡಿ ತಿಳಿದಿದ್ದರು. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ ಇತ್ತು. ಕಾಗದದ ಕೊಳವೆಗಿಂತ ಹೆಚ್ಚು ಒತ್ತಡ ತಡೆಯೋದ್ರಿಂದ ಹೊಗೆಯನ್ನ ಜೋರಾಗಿ ತಳ್ಳಬಹುದು, ತಾನೂ ಜೋರಾಗಿ ಹೋಗಬಹುದು. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಒಂದು ಹಾಳು ಬಾವಿಯ ಕೆಸರು ತೆಗೆದಾಗ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಅವನ್ನ ಮಾಡಿದ ಕಮ್ಮಾರರು ಪ್ರಿನ್ಸಿಪಿಯಾ ಓದಿರಲಿಕ್ಕಿಲ್ಲ.

ಇನ್ನು ಡಿಸೆಂಬರಿನ ಕಥೆ. ಇದನ್ನ ಬರೆಯೋಕೆ ಕೂತದ್ದೇ ಇದಕ್ಕಾಗಿ.

ಚಳಿಗಾಲದಲ್ಲಿ ಇಲ್ಲಿ ಎಲ್ಲರೂ ಮರಳುಗಾಡಿಗೆ ಹೋಗಿ ಟೆಂಟ್ ಹಾಕ್ತಾರೆ. ನಾವೂ ನಾಲ್ಕು ಸಂಸಾರ ಮುತ್ಲಾ ಕಡೆ ಒಂದು ದಿನದ ಮಟ್ಟಿಗೆ ಹೋಗಿದ್ವಿ. ಸಂಜೆ ವಾಪಸ್ ಹೊರಟಾಗ ಒಬ್ಬರ ಕಾರು ಮರಳಿನಲ್ಲಿ ಹೂತುಕೊಳ್ತು. ಅವರು ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತಿರುಗಿ ಮರಳು ಹಿಂದಕ್ಕೆ ಹಾರ್ತಿತ್ತು, ಕಾರು ಕೆಳಗೆ ಇಳೀತಿತ್ತು. ಹುಡುಗ ಹಗ್ಗದ ಹತ್ತಿರ ನಿಂತು ನೋಡ್ತಿದ್ದ. ಹಗ್ಗ ಅಂದ್ನಲ್ಲ, ಅಷ್ಟರಲ್ಲಿ ಇನ್ನೊಂದು ದೊಡ್ಡ ಗಾಡಿಯ ಹಿಂಭಾಗಕ್ಕೆ ನೈಲಾನ್ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯ ಕಬ್ಬಿಣದ ಕೊಕ್ಕೆಯನ್ನ ಹೂತ ಕಾರಿಗೆ ಸಿಕ್ಕಿಸಿ ಆಗಿತ್ತು.

"ಬಾರೋ ಇಲ್ಲಿ" ಅಂತ ಅವನನ್ನ ಈಚೆ ಕರೆದೆ. ಚಕ್ರದ ಹತ್ತಿರ ಪಾಠ ಮಾಡೋ ಚಪಲ, ಮತ್ತೇನಲ್ಲ. "ನೋಡು, ಮರಳು ಯಾಕೆ ಕಾರನ್ನ ಮುಂದಕ್ಕೆ ತಳ್ತಿಲ್ಲ?" "ಮರಳಿನ ರಿಯಾಕ್ಷನ್ ಕಮ್ಮಿ" ಅಂದ. "ಕಮ್ಮಿ ಆಗೋಕೆ ಸಾಧ್ಯ ಇಲ್ಲ. ಚಕ್ರ ಮರಳನ್ನ ಎಷ್ಟು ತಳ್ಳತ್ತೋ ಅಷ್ಟೇ ಅದು ಚಕ್ರವನ್ನ ತಳ್ಳತ್ತೆ. ಆದ್ರೆ ಮರಳನ್ನ ಜೋರಾಗಿ ತಳ್ಳೋಕೇ ಆಗಲ್ಲ, ಜಾರಿ ಹೋಗತ್ತೆ. ನೇತಾಡೋ ಪರದೆಗೆ ನೀನು ಎಷ್ಟು ಜೋರಾಗಿ ಗುದ್ದೋಕಾಗತ್ತೆ? ಗೋಡೆಗೆ ಗುದ್ದಿದಷ್ಟು ಆಗತ್ತಾ?" ಅಂತಿದ್ದೆ.

ಆಗ ದೊಡ್ಡ ಗಾಡಿ ಎಳೆಯಿತು. ಟಪ್ ಅಂತ ಶಬ್ದ. ಏನೋ ಒಂದು ನಮ್ಮ ಎದುರು ಹೋದದ್ದು ಕಣ್ಣಿಗೆ ಕಾಣಲೇ ಇಲ್ಲ. ಮರುಕ್ಷಣ ದೊಡ್ಡ ಗಾಡಿಯ ಹಿಂದಿನ ಗಾಜು ಪುಡಿಪುಡಿ. ಕೊಕ್ಕೆ ನೇರವಾಗಿ ಬಿಚ್ಚಿಕೊಂಡು, ಹಿಗ್ಗಿದ್ದ ಹಗ್ಗದ ಜೊತೆ ಹಾರಿಹೋಗಿ ಗಾಜಿಗೆ ಬಡಿದಿತ್ತು. ಒಂದು ನಿಮಿಷದ ಹಿಂದೆ ಹುಡುಗ ನಿಂತಿದ್ದದ್ದು ಆ ಹಗ್ಗದ ಪಕ್ಕದಲ್ಲಿ. ಯಾರಿಗೂ ಏನೂ ಆಗಲಿಲ್ಲ. ಶೆಟ್ರು ಮಗನ ಭುಜ ಹಿಡ್ಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. ಅಕ್ಕ ಮರಳಿನ ಮೇಲೇ ಕೂತುಬಿಟ್ಟರು.

ಆಮೇಲೆ ಟಯರುಗಳ ಗಾಳಿ ಅರ್ಧಕ್ಕರ್ಧ ಇಳಿಸಿ, ಚಕ್ರದ ಮುಂದಿನ ಮರಳು ತೋಡಿ, ಕಾಲಡಿಯ ಮ್ಯಾಟುಗಳನ್ನ ಹಾಸಿ, ನಾಲ್ಕು ಜನ ತಳ್ಳಿದೆವು. ಕಾರು ಹೊರಗೆ ಬಂತು. ಗಾಳಿ ಇಳಿಸಿದ್ರೆ ಟಯರು ಅಗಲವಾಗಿ ಕೂತು ಮರಳಿನಲ್ಲಿ ಕಮ್ಮಿ ಹೂಳತ್ತೆ. ಇದನ್ನ ಮೊದಲೇ ಮಾಡಬೇಕಿತ್ತು. ಮರಳುಗಾಡಿಗೆ ಹೋಗೋರು ದಯವಿಟ್ಟು ಗಮನಿಸಿ: ಕಾರು ಎಳೆಯೋಕೆ ಅಂತಲೇ ಮಾಡಿದ, ಭಾರದ ಅಂಕಿ ಬರೆದ ಪಟ್ಟಿ ತಗೊಳ್ಳಿ. ಕಾರಿನಲ್ಲಿ ಎಳೆಯೋಕೆ ಕೊಟ್ಟಿರೋ ಜಾಗಕ್ಕೇ ಸಿಕ್ಕಿಸಿ, ಟ್ರೇಲರ್ ಗುಂಡಿಗೆ ಬೇಡ. ಎಳೆಯುವ ಮುಂಚೆ ಹಗ್ಗದ ಮಧ್ಯಕ್ಕೆ ಒಂದು ದಪ್ಪ ಕಂಬಳಿ ಹೊದಿಸಿ, ತುಂಡಾದರೆ ಅದು ವೇಗ ತಗ್ಗಿಸತ್ತೆ. ಮಕ್ಕಳು ಮರಿ ಎಲ್ಲಾ ಹಗ್ಗದ ಉದ್ದಕ್ಕಿಂತ ಒಂದೂವರೆ ಪಟ್ಟಾದ್ರೂ ದೂರ ಇರಲಿ.

ವಾಪಸ್ ಬರುವಾಗ ಕತ್ತಲು. ಜಹ್ರಾ ದಾಟಿದ ಮೇಲೆ ಹಿಂದಿನ ಸೀಟಿಂದ ಪ್ರಶ್ನೆ ಬಂತು. "ಅಂಕಲ್, ಕೊಕ್ಕೆಯನ್ನ ಹಗ್ಗ ಆ ಕಡೆ ಎಳೀತಿತ್ತು, ಕಾರು ಈ ಕಡೆ ಎಳೀತಿತ್ತು. ಕೊಕ್ಕೆ ಅಲುಗಾಡದೆ ನಿಂತಿತ್ತು. ನೆಟ್ ಫೋರ್ಸ್ ಸೊನ್ನೆ. ಸೊನ್ನೆ ಆದ್ರೆ ಅದು ಮುರಿದದ್ದು ಯಾಕೆ?"

ಈ ಸಲ ನಾನು ಅವಸರ ಮಾಡಲಿಲ್ಲ. ಐದನೇ ರಿಂಗ್ ರೋಡು ಬರೋವರೆಗೂ ಸುಮ್ಮನಿದ್ದು ಯೋಚಿಸಿದೆ.

ನೆಟ್ ಫೋರ್ಸ್ ಹೇಳೋದು ಒಂದೇ ವಿಷಯ, ಆ ವಸ್ತುವಿನ ವೇಗ ಬದಲಾಗತ್ತಾ ಅಂತ. ಅದರ ಒಳಗೆ ಏನಾಗ್ತಿದೆ ಅಂತ ಅದು ಹೇಳಲ್ಲ. ಒಂದು ಚಪಾತಿ ಹಿಟ್ಟಿನ ಉಂಡೆಯನ್ನ ಎರಡೂ ಕೈಯಿಂದ ಸಮವಾಗಿ ಜಗ್ಗಿದ್ರೆ ಒಟ್ಟು ಬಲ ಸೊನ್ನೆ, ಉಂಡೆ ಎಲ್ಲೂ ಹೋಗಲ್ಲ, ಆದ್ರೆ ಎರಡು ತುಂಡಾಗತ್ತೆ. ಕೊಕ್ಕೆಯನ್ನ ಮನಸ್ಸಲ್ಲೇ ಎರಡು ಭಾಗ ಮಾಡಿ ನೋಡಿದ್ರೆ, ಈ ಅರ್ಧ ಆ ಅರ್ಧವನ್ನ ಹಗ್ಗ ಎಳೆದಷ್ಟೇ ಬಲದಿಂದ ಹಿಡಿದಿಟ್ಟುಕೊಂಡಿರಬೇಕು. ಹಗ್ಗದಲ್ಲಿ 10,000 ನ್ಯೂಟನ್ ಬಿಗಿತ ಇದ್ದರೆ ಕಬ್ಬಿಣದ ಒಳಗೂ ಅಷ್ಟೇ. ಅದು ತಡೆಯಲಿಲ್ಲ, ಬಿಚ್ಚಿಕೊಳ್ತು. ಬಿಚ್ಚಿಕೊಂಡ ಕ್ಷಣ ಕಾರಿನ ಕಡೆಯ ಬಾಣ ಮಾಯ. ಉಳಿದದ್ದು ಹಗ್ಗದ ಕಡೆಯ ಬಾಣ ಒಂದೇ. ಸೊನ್ನೆ ಇದ್ದದ್ದು ಕಣ್ಣು ಮಿಟುಕಿಸೋದ್ರೊಳಗೆ 10,000 ಆಯ್ತು. ಕೊಕ್ಕೆ ಒಂದು ಕಿಲೋ ಅಂದ್ಕೊಂಡ್ರೆ ಮೇಲಿಂದ ಬೀಳೋ ಕಲ್ಲಿಗಿಂತ ಸಾವಿರ ಪಟ್ಟು ವೇಗೋತ್ಕರ್ಷ. ಅದಕ್ಕೇ ನಮ್ಮ ಕಣ್ಣಿಗೆ ಕಾಣಲಿಲ್ಲ.

ಹುಡುಗ ಹೂಂ ಅನ್ನಲಿಲ್ಲ. ನಿದ್ದೆ ಬಂತೇನೋ ಅಂದ್ಕೊಂಡೆ. ಸ್ವಲ್ಪ ಹೊತ್ತಾದ ಮೇಲೆ, "ಹಗ್ಗ ಮೊದಲು ಹಿಗ್ಗಿರದಿದ್ರೆ?" ಅಂದ. ಶೆಟ್ರು ಸ್ಟೀರಿಂಗ್ ಹಿಡಿದು ನನ್ನ ಕಡೆ ನೋಡಿದರು. ಅದನ್ನ ನಾಳೆ ನೋಡೋಣ ಅಂದೆ.

ಕಾಮರ್ಸ್ ಅಂತಲೇ ಇನ್ನೂ ಹೇಳ್ತಿದ್ದಾನೆ, ಶೆಟ್ರು ಈಗ ಮೊದಲಿನಷ್ಟು ಜಗಳ ಆಡ್ತಿಲ್ಲ. ನೇರವಾದ ಆ ಕೊಕ್ಕೆಯನ್ನ ಅವನು ಬಿಸಾಡೋಕೆ ಬಿಡಲಿಲ್ಲ. ಸಂತೆಯಿಂದ ತಂದ ಕಪಾಟಿನ ಮೇಲೆ ಇಟ್ಟುಕೊಂಡಿದ್ದಾನೆ. ಕಪಾಟಿನ ಆ ವಕ್ರ ಬಾಗಿಲು ಮಾತ್ರ ಇವತ್ತಿಗೂ ಸರಿಯಾಗಿ ಮುಚ್ಚಲ್ಲ, ಹೋದಾಗಲೆಲ್ಲಾ ಅಕ್ಕ ನನ್ನ ಚೌಕಾಶಿಯನ್ನ ನೆನಪಿಸ್ತಾರೆ.